ಕಿರುತೆರೆಯಲ್ಲಿ ರೈತನ ಅಭಿಪ್ರಾಯ: ಚಿಕ್ಕಪಡಸಲಗಿಯಿಂದ ನೋಡಿದಾಗ



ಜಮಖಂಡಿಯಿಂದ ವಿಜಯಪುರದ ಕಡೆಗೆ ಹೋಗುವ ರಸ್ತೆ ಕೃಷ್ಣಾ ನದಿಯನ್ನು ದಾಟುವ ಎಡೆಯಲ್ಲಿ ಚಿಕ್ಕಪಡಸಲಗಿ ಎಂಬ ಗ್ರಾಮವಿದೆ. ಇಲ್ಲಿ ಹೊಳೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜಿನ ಹೆಸರು ‘ಶ್ರಮಬಿಂದು ಸಾಗರ’. ಹೆಸರಿನಲ್ಲೇ ಅದರ ಚರಿತ್ರೆ ಇದೆ. 1989ರಲ್ಲಿ ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಒಂದಾದ ಹೊಳೆಸಾಲಿನ ರೈತರು ತಮ್ಮ ಹಣ ಹಾಕಿ, ತಾವೇ ಕಲ್ಲುಮಣ್ಣು ಹೊತ್ತು ಇದನ್ನು ಕಟ್ಟಿದರು. ಮುಂದಾಳಾಗಿ ನಿಂತವರು ಸಿದ್ದು ನ್ಯಾಮಗೌಡರು. ಮಳೆಗಾಲದಲ್ಲಿ ನೆರೆ ಹರಿದುಹೋಗಲು ದಾರಿ ಬಿಟ್ಟು, ನೆರೆ ಇಳಿದ ಮೇಲೆ ಗೇಟು ಹಾಕಿ ನೀರನ್ನು ನದಿಯ ಪಾತ್ರದಲ್ಲಿಯೇ ನಿಲ್ಲಿಸಿಕೊಳ್ಳುವುದು ಇಂತಹ ಬ್ಯಾರೇಜಿನ ಕ್ರಮ. ನಿಂತ ನೀರನ್ನು ರೈತರು ಪಂಪ್‌ಸೆಟ್ಟುಗಳಿಂದ ಎತ್ತಿ ಹೊಲಕ್ಕೆ ಹಾಯಿಸುತ್ತಾರೆ.

ಬೇಸಿಗೆಯಲ್ಲಿ ಹೊಳೆ ಬತ್ತುತ್ತದೆ, ಮಳೆಗಾಲದಲ್ಲಿ ಕಣ್ಣೆದುರಿಗೇ ಹರಿದುಹೋಗುವ ನೀರನ್ನು ಇಲ್ಲಿಯೇ ಹಿಡಿಯಬೇಕು ಎಂಬುದು ಈ ರೈತರ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯವನ್ನು ಅವರು ಕಟ್ಟಿ ತೋರಿಸಿದರು. ಕಟ್ಟಿದ ಮೇಲೆ ನಾಡೆಲ್ಲ ಅದನ್ನು ಕೇಳಿತು. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ನಿಂತು, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಸಂಸತ್ತಿಗೆ ಹೋದರು. ಮುಂದೆ ಜಮಖಂಡಿಯ ಶಾಸಕರೂ ಆಗಿದ್ದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಈ ಕಥೆಯಿಂದ ನಮ್ಮ ವಿಷಯ ಹುಟ್ಟುತ್ತದೆ. ಹಳ್ಳಿಗಾಡಿನ ಬದುಕನ್ನು ತೋರಿಸುವ ಟೆಲಿವಿಷನ್ ಕಾರ್ಯಕ್ರಮಕ್ಕೆ ಇಂತಹ ರೈತನೊಬ್ಬ ನಿರೂಪಕನಾದನೆಂದು ಭಾವಿಸಿ. ಸ್ವಂತ ಹೊಲವಿದೆ, ಬೆಳೆಯಿದೆ, ಸಾಲವೂ ಇದೆ. ನೀರು, ಬೆಲೆ, ಗೊಬ್ಬರ, ಸರಕಾರದ ನೀತಿ ಇವುಗಳ ಬಗ್ಗೆ ಅವನಿಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಅವನು ಅವನ್ನು ಎಲ್ಲರ ಮುಂದೆ ಹೇಳಬೇಕೆ, ಬೇಡವೆ? ಹೇಳಿದರೆ ನೋಡುವ ನಾವು ಅವನ್ನು ಹೇಗೆ ತೂಗಿ ನೋಡಬೇಕು? ಇದಕ್ಕೆ ಉತ್ತರ ಹುಡುಕುವ ಮೊದಲು, ಪ್ರಸಾರ ಮಾಧ್ಯಮಗಳು ರೈತನನ್ನು ಎಲ್ಲಿ ಕೂರಿಸಿದ್ದವು ಎಂಬುದನ್ನು ನೋಡೋಣ.

ಕೇಳುಗನ ಸ್ಥಾನದಲ್ಲಿ ರೈತ

1956ರಲ್ಲಿ ಆಗಿನ ಮುಂಬಯಿ ರಾಜ್ಯದಲ್ಲಿ ಪುಣೆ ಆಕಾಶವಾಣಿ ಕೇಂದ್ರ ಯುನೆಸ್ಕೋ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ರೇಡಿಯೊ ಗ್ರಾಮೀಣ ಗೋಷ್ಠಿಗಳು ಏರ್ಪಟ್ಟವು. ಕೇಳುವುದು, ಚರ್ಚಿಸುವುದು, ಕಾರ್ಯಕ್ಕಿಳಿಯುವುದು, ಇವು ಆ ಗೋಷ್ಠಿಗಳ ಮೂರು ಸೂತ್ರಗಳು. ಚರ್ಚೆಯಲ್ಲಿ ಹುಟ್ಟಿದ ಪ್ರಶ್ನೆಗಳು ಮತ್ತೆ ಆಕಾಶವಾಣಿಗೆ ಹೋಗುತ್ತಿದ್ದವು. ಹೀಗೆ ಮಾತು ಎರಡೂ ಕಡೆ ಹರಿಯುವ ದಾರಿಯೊಂದು ಆಗಲೇ ತೆರೆದಿತ್ತು. ಆದರೂ ಮೈಕಿನ ಮುಂದೆ ಕುಳಿತವರು ಅಧಿಕಾರಿಗಳು ಮತ್ತು ತಜ್ಞರು, ರೇಡಿಯೊ ಮುಂದೆ ಕುಳಿತವರು ರೈತರು.

1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ‘ಕೃಷಿ ದರ್ಶನ’ ಎಂಬ ಟೆಲಿವಿಷನ್ ಕಾರ್ಯಕ್ರಮ ಆರಂಭವಾಯಿತು. ಅದು ಹಸಿರು ಕ್ರಾಂತಿಯ ಹೊಸ್ತಿಲು. ಹೊಸ ಬೀಜ, ರಾಸಾಯನಿಕ ಗೊಬ್ಬರ, ಸಸ್ಯ ಸಂರಕ್ಷಣೆ ಇವುಗಳ ತಿಳಿವಳಿಕೆಯನ್ನು ಬೇಗನೆ ಹೊಲಕ್ಕೆ ಮುಟ್ಟಿಸುವುದು ಅದರ ಉದ್ದೇಶ. ದೇಶದಲ್ಲಿ ಆಹಾರದ ಕೊರತೆ ಇದ್ದ ಆ ದಿನಗಳಲ್ಲಿ ಇದು ಸಹಜವಾಗಿಯೇ ಇತ್ತು.

ಕನ್ನಡ ನಾಡಿನ ಹಳ್ಳಿಗಳಿಗೆ ಟೆಲಿವಿಷನ್ ಬಂದ ರೀತಿ ಮಾತ್ರ ಅಚ್ಚರಿಯದು. ಬೆಂಗಳೂರಿಗಿಂತ ಮೊದಲು ಅದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು ಮುಟ್ಟಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ ಸುಮಾರು ನಾಲ್ಕು ತಾಸು ಪ್ರಸಾರವಿತ್ತು: ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ. ತಂತಿ ಬಲೆಯಿಂದ ಮಾಡಿದ, ಸುಮಾರು 3 ಮೀಟರು ಅಗಲದ ಆಂಟೆನಾ ಊರಲ್ಲಿ ನಿಲ್ಲುತ್ತಿತ್ತು. ಒಂದೇ ಪೆಟ್ಟಿಗೆಯ ಮುಂದೆ ಊರವರೆಲ್ಲ ಕೂಡುತ್ತಿದ್ದರು. ಚಿಕ್ಕಪಡಸಲಗಿ ಆಗ ಬಿಜಾಪುರ ಜಿಲ್ಲೆಗೆ ಸೇರಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ.

ಸೈಟ್ ಕನ್ನಡದಲ್ಲಿ ಮಾತನಾಡಿತು. ಆದರೆ ಅದರ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಉಪಗ್ರಹ ಒಂದು ಚಿತ್ರವನ್ನೂ ಎರಡು ಧ್ವನಿಗಳನ್ನೂ ಒಟ್ಟಿಗೆ ಕಳಿಸಬಲ್ಲದಾಗಿತ್ತು. ಎಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಜೋಡಿಸಬಹುದಿತ್ತು. ತಂತ್ರಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಸಾಧನೆಯೇ. ಬೇಸಾಯದ ದೃಷ್ಟಿಯಿಂದ ಅಡಚಣೆಯೂ ಇಲ್ಲಿಯೇ ಇತ್ತು. ಎರೆಭೂಮಿಯಲ್ಲಿ ಬಿಳಿಜೋಳ ಬಿತ್ತುವವನ ಪ್ರಶ್ನೆ ಬೇರೆ, ಕೆಂಪು ಮಸಾರಿಯವನ ಪ್ರಶ್ನೆ ಬೇರೆ. ಆಕಾಶದಿಂದ ಬಂದ ಸಲಹೆಗೆ ಈ ಹೊಲದ ಮಣ್ಣು ಯಾವುದೆಂದು ತಿಳಿಯುವುದು ಹೇಗೆ? ಪ್ರಯೋಗದ ಮೌಲ್ಯಮಾಪನ ನಡೆದಾಗ ಆರೋಗ್ಯ ಮೊದಲಾದ ವಿಷಯಗಳಲ್ಲಿ ಜನರ ತಿಳಿವಳಿಕೆ ಹೆಚ್ಚಿದ್ದು ಕಂಡಿತು. ಬೇಸಾಯದ ಪದ್ಧತಿಯಲ್ಲಿ ಮಾತ್ರ ನಿರೀಕ್ಷಿಸಿದಷ್ಟು ಬದಲಾವಣೆ ಕಾಣಲಿಲ್ಲ.

1977ರಲ್ಲಿ ಗುಲ್ಬರ್ಗಾದಲ್ಲಿ, 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರಗಳು ಆರಂಭವಾದವು. ಈ ನಡುವೆ, 1980ರ ಜುಲೈನಲ್ಲಿ, ನವಲಗುಂದ-ನರಗುಂದದ ರೈತರು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಬೀದಿಗಿಳಿದರು. ಗೋಲಿಬಾರಾಯಿತು, ರೈತರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸಲಹೆ ಕೇಳುವವನೆಂದು ತಿಳಿದಿದ್ದ ರೈತನಿಗೆ ತನ್ನದೇ ಆದ ಮಾತು ಇದೆಯೆಂಬುದು ನಾಡಿಗೆ ಗೊತ್ತಾದದ್ದು ಹೀಗೆ.

ಮಾತಾಡುವ ಸ್ಥಾನಕ್ಕೆ ಬಂದದ್ದು

ಎಂಬತ್ತರ ದಶಕದ ಕೊನೆಯಲ್ಲಿ ಗಾಳಿ ಬದಲಾಯಿತು. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟಿತು. ಕೃಷಿಕರ ಕೈಗೆ ಲೇಖನಿ ಕೊಡಬೇಕೆಂಬುದು ಅದನ್ನು ರೂಪಿಸಿದ ಶ್ರೀಪಡ್ರೆಯವರ ನಿಲುವು. ಬೆಳೆದವನೇ ಬರೆಯಬೇಕು, ಸೋತದ್ದನ್ನೂ ಬರೆಯಬೇಕು ಎಂಬುದು ಅದರ ತಿರುಳು. ಮರುವರ್ಷವೇ ಚಿಕ್ಕಪಡಸಲಗಿಯ ಬ್ಯಾರೇಜು ಎದ್ದಿತು. ಕರಾವಳಿಯಲ್ಲಿ ಲೇಖನಿ, ಕೃಷ್ಣೆಯ ದಂಡೆಯಲ್ಲಿ ಗುದ್ದಲಿ. ಎರಡೂ ಕಡೆ ರೈತ ತನ್ನ ಅಭಿಪ್ರಾಯಕ್ಕೆ ತಾನೇ ಹೊಣೆಯಾಗಿ ನಿಂತ.

ಹೊರದೇಶದಲ್ಲಿಯೂ ಇದಕ್ಕೆ ಹೋಲಿಕೆ ಇದೆ. 1948ರಲ್ಲಿ ಬಿಬಿಸಿ ಸಂಸ್ಥೆ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ರೈತರ ಸಭೆ ಕರೆದಾಗ ಹೆನ್ರಿ ಬರ್ಟ್ ಎಂಬ ರೈತ, ಜನಪ್ರಿಯ ಪತ್ತೇದಾರಿ ಧಾರಾವಾಹಿಯಂತೆ ಬೇಸಾಯಕ್ಕೂ ಒಂದು ಧಾರಾವಾಹಿ ಬೇಕೆಂದು ಸೂಚಿಸಿದ. ಆ ಮಾತಿನಿಂದ ಬೆಳೆದ ‘ದಿ ಆರ್ಚರ್ಸ್’ ಎಂಬ ಬಾನುಲಿ ಧಾರಾವಾಹಿ 1951ರಿಂದ ಬ್ರಿಟನ್ನಿನ ಮನೆಮನೆಗಳಲ್ಲಿ ಕೇಳಿಬರುತ್ತಿದೆ. 1988ರಲ್ಲಿ ಅದೇ ಸಂಸ್ಥೆಯ ‘ಕಂಟ್ರಿಫೈಲ್’ ಎಂಬ ಟೆಲಿವಿಷನ್ ಕಾರ್ಯಕ್ರಮ ಆರಂಭವಾಯಿತು. 2001ರಲ್ಲಿ ಅದರ ನಿರೂಪಕರ ಬಳಗಕ್ಕೆ ಸೇರಿದ ಆಡಂ ಹೆನ್ಸನ್ ಸ್ವತಃ ರೈತ. ಅವರ ತಂದೆ ಜೋ ಹೆನ್ಸನ್ 1971ರಲ್ಲಿ ಅಪರೂಪದ ದನಕರು, ಕುರಿ ತಳಿಗಳ ಉಳಿವಿಗಾಗಿ ಜನರು ಬಂದು ನೋಡುವಂತಹ ತೋಟವೊಂದನ್ನು ತೆರೆದವರು. ತಾವೂ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡವರು.

ಆಡಂ ಹೆನ್ಸನ್ನರ ದನಗಳಿಗೆ ಕ್ಷಯರೋಗದ ಪರೀಕ್ಷೆ ನಡೆದದ್ದನ್ನು ಆ ಕಾರ್ಯಕ್ರಮ ತೋರಿಸಿತು. ರೋಗ ಕಂಡ ದನವನ್ನು ಕಳೆದುಕೊಳ್ಳುವ ನೋವು ಅಲ್ಲಿ ನಟನೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಈ ರೋಗ ಹಬ್ಬಿಸುತ್ತದೆಂದು ಬ್ಯಾಜರ್ ಎಂಬ ಕಾಡುಪ್ರಾಣಿಯನ್ನು ಕೊಲ್ಲುವ ಕ್ರಮ 2013ರಲ್ಲಿ ಜಾರಿಗೆ ಬಂದಿತು. ಅದರ ಬಗ್ಗೆ ದೊಡ್ಡ ವಾಗ್ವಾದವೇ ನಡೆಯಿತು. ದನ ಸಾಕುವವರು ಒಂದು ಕಡೆ, ವನ್ಯಪ್ರಾಣಿಗಳ ಪರವಾಗಿರುವವರು ಇನ್ನೊಂದು ಕಡೆ. ಇಂತಹ ಹೊತ್ತಿನಲ್ಲಿ ರೈತ-ನಿರೂಪಕನ ಮಾತನ್ನು ರೈತನದೆಂದು ತಿಳಿಯಬೇಕೆ, ನಿಷ್ಪಕ್ಷಪಾತವಾಗಿರಬೇಕಾದ ಪ್ರಸಾರ ಸಂಸ್ಥೆಯದೆಂದು ತಿಳಿಯಬೇಕೆ? ಸುಲಭದ ಉತ್ತರವಿಲ್ಲ.

ನಮ್ಮ ದೇಶದ ಕಾನೂನು ಈ ಬಗ್ಗೆ ಒಂದು ದಾರಿ ತೋರಿದೆ. 1990ರ ಪ್ರಸಾರ ಭಾರತಿ ಅಧಿನಿಯಮ 1997ರಲ್ಲಿ ಜಾರಿಗೆ ಬಂದಿತು. ಕೃಷಿ ಮತ್ತು ಗ್ರಾಮಾಭಿವೃದ್ಧಿಗೆ ವಿಶೇಷ ಗಮನ ಕೊಡಬೇಕೆಂದು ಅದು ಹೇಳುತ್ತದೆ. ಪರಸ್ಪರ ವಿರುದ್ಧವಾದ ಅಭಿಪ್ರಾಯಗಳೂ ಸೇರಿದಂತೆ ಸಮತೋಲನದ ಮಾಹಿತಿ ಕೊಡಬೇಕು, ಸಂಸ್ಥೆ ತನ್ನದೇ ಆದ ಯಾವ ಅಭಿಪ್ರಾಯವನ್ನೂ ಪ್ರತಿಪಾದಿಸಬಾರದು ಎಂದೂ ಹೇಳುತ್ತದೆ. ಇದನ್ನು ಎಚ್ಚರದಿಂದ ಓದಬೇಕು. ಸಂಸ್ಥೆ ಪಕ್ಷ ವಹಿಸಬಾರದೆಂದರೆ ರೈತ ಬಾಯಿ ಮುಚ್ಚಿಕೊಂಡಿರಬೇಕೆಂದು ಅರ್ಥವಲ್ಲ. ಒಬ್ಬ ರೈತನ ಮಾತು ಬಂದರೆ ಅದಕ್ಕೆ ಎದುರಾದ ಇನ್ನೊಬ್ಬನ ಮಾತಿಗೂ ಜಾಗ ಇರಬೇಕೆಂದು ಅರ್ಥ.

ರೈತ ಎಂದರೆ ಯಾವ ರೈತ?

ಈಗ ಮತ್ತೆ ಚಿಕ್ಕಪಡಸಲಗಿಗೆ ಬರೋಣ. ಬ್ಯಾರೇಜಿನ ಮೇಲೆ ನಿಂತು ನೋಡಿದರೆ ‘ರೈತರ ಅಭಿಪ್ರಾಯ’ ಎಂಬುದು ಒಂದೇ ಆಗಿರಲಾರದೆಂದು ತಿಳಿಯುತ್ತದೆ. ಹೊಳೆದಂಡೆಯಲ್ಲಿ ಹೊಲವಿದ್ದು ಪಂಪ್‌ಸೆಟ್ಟು ಕೂರಿಸಬಲ್ಲವನಿಗೆ ನಿಂತ ನೀರು ಬಂಗಾರ. ಹೊಳೆಯಿಂದ ದೂರದ ಮಳೆಯಾಶ್ರಿತ ಹೊಲದವನಿಗೆ ಆ ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಬರುವುದಿಲ್ಲ. ಜಮಖಂಡಿ, ಮುಧೋಳ ಭಾಗದಲ್ಲಿ ನೀರು ಬಂದಲ್ಲಿ ಕಬ್ಬು ಬಂದಿತು, ಸಕ್ಕರೆ ಕಾರ್ಖಾನೆ ಬಂದಿತು, ಕೈಯಲ್ಲಿ ಹಣವೂ ಆಡಿತು. ಅದೇ ಎರೆಭೂಮಿಗೆ ಅತಿಯಾಗಿ ನೀರು ಹಾಯಿಸಿದ ಕಡೆ ನೆಲ ಸವಳು-ಜವಳಾಯಿತು. ಕಬ್ಬು ಒಳ್ಳೆಯದು ಎನ್ನುವ ರೈತನೂ ಸುಳ್ಳು ಹೇಳುತ್ತಿಲ್ಲ, ಕಬ್ಬಿನಿಂದ ನೆಲ ಕೆಟ್ಟಿತು ಎನ್ನುವ ರೈತನೂ ಸುಳ್ಳು ಹೇಳುತ್ತಿಲ್ಲ.

ಆಲಮಟ್ಟಿಯ ವಿಷಯ ಇದಕ್ಕಿಂತ ಕಠಿಣ. ಅಲ್ಲಿ 519.60 ಮೀಟರು ಮಟ್ಟದವರೆಗೆ ನೀರು ನಿಲ್ಲಿಸಲಾಗಿದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೆಯ ನ್ಯಾಯಾಧಿಕರಣ 2010ರ ಡಿಸೆಂಬರಿನಲ್ಲಿ ಸಮ್ಮತಿ ಕೊಟ್ಟಿತು. ಮಟ್ಟ ಏರಿದರೆ ನೀರಾವರಿ ಸಿಗುವ ರೈತನಿಗೆ ಅದು ಭಾಗ್ಯ. ಹಿನ್ನೀರಿನಲ್ಲಿ ಹೊಲಮನೆ ಮುಳುಗುವ ರೈತನಿಗೆ ಅದೇ ಮಟ್ಟ ಊರು ಬಿಡುವ ಗಡುವು. ಬೀಳಗಿ, ಬಾಗಲಕೋಟೆ ಭಾಗದ ಜನ ಈಗಾಗಲೇ ಇದನ್ನು ಒಮ್ಮೆ ಅನುಭವಿಸಿದ್ದಾರೆ. ಇಬ್ಬರೂ ರೈತರೇ, ಇಬ್ಬರ ಮಾತೂ ನಿಜವೇ. ಇವರಿಬ್ಬರಲ್ಲಿ ಒಬ್ಬನನ್ನು ಮಾತ್ರ ನಿರೂಪಕನ ಕುರ್ಚಿಯಲ್ಲಿ ಕೂರಿಸಿದರೆ ಇನ್ನೊಬ್ಬನ ಮಾತನ್ನು ಯಾರು ಕೇಳಬೇಕು? ಹೊಲವಿಲ್ಲದ ಕೂಲಿಯವರು, ಕಳೆ ತೆಗೆಯುವ ಹೆಣ್ಣುಮಕ್ಕಳು ಇವರ ಮಾತಂತೂ ತೆರೆಗೆ ಬರುವುದು ಇನ್ನೂ ಅಪರೂಪ.

ಆದ್ದರಿಂದ ರೈತ-ನಿರೂಪಕನ ಅಭಿಪ್ರಾಯವನ್ನು ಕೇಳುವಾಗ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಈ ಮಾತು ಅವನ ಹೊಲದ ಅನುಭವವೋ, ಕೇಳಿದ ಸುದ್ದಿಯೋ? ಅದರಿಂದ ಅವನಿಗೆ ಲಾಭವೋ, ನಷ್ಟವೋ? ಅದನ್ನು ಅವನು ಮುಚ್ಚಿಡದೆ ಹೇಳಿದ್ದಾನೆಯೆ? ಈ ಮಾತಿನಲ್ಲಿ ಯಾವ ರೈತ ಬಿಟ್ಟುಹೋಗಿದ್ದಾನೆ? ಈ ಪ್ರಶ್ನೆಗಳು ರೈತನನ್ನು ಅನುಮಾನಿಸುವುದಕ್ಕಾಗಿ ಅಲ್ಲ. ತಜ್ಞರ ಮಾತಿಗೂ, ಮಂತ್ರಿಗಳ ಮಾತಿಗೂ ಇದೇ ತಕ್ಕಡಿ ಬಳಸಬೇಕು. ವ್ಯತ್ಯಾಸವೊಂದೇ: ತಜ್ಞನ ಸಲಹೆ ತಪ್ಪಿದರೆ ಅವನ ಸಂಬಳ ನಿಲ್ಲುವುದಿಲ್ಲ, ರೈತನ ಎಣಿಕೆ ತಪ್ಪಿದರೆ ಆ ವರ್ಷದ ಪೀಕು ಹೋಗುತ್ತದೆ. ಅಭಿಪ್ರಾಯಕ್ಕಾಗಿ ದಂಡ ತೆರಲು ಸಿದ್ಧನಾದವನ ಮಾತಿಗೆ ಒಂದು ತೂಕ ಹೆಚ್ಚು.

ಶ್ರಮಬಿಂದು ಸಾಗರವನ್ನು ಕಟ್ಟಿದವರ ಮಾತಿಗೆ ಆ ತೂಕವಿತ್ತು. ಬ್ಯಾರೇಜು ನಿಲ್ಲದಿದ್ದರೆ ಕೊಚ್ಚಿಹೋಗುತ್ತಿದ್ದದ್ದು ಅವರದೇ ಹಣ, ಅವರದೇ ಬೆವರು. ನೀವು ಮುಂದಿನ ಸಲ ಕೃಷಿ ಕಾರ್ಯಕ್ರಮ ನೋಡುವಾಗ ತೆರೆಯ ಮೇಲಿನ ರೈತ ಏನು ಹೇಳುತ್ತಾನೆಂದು ಗಮನವಿಟ್ಟು ಕೇಳಿ. ಕಾರ್ಯಕ್ರಮ ಮುಗಿದ ಮೇಲೆ ನಿಮ್ಮ ಊರಿನ ಇಬ್ಬರು ರೈತರ ಹತ್ತಿರ, ಒಬ್ಬರು ನೀರಾವರಿಯವರು, ಒಬ್ಬರು ಒಣಬೇಸಾಯದವರು, ಅದೇ ವಿಷಯವನ್ನು ಕೇಳಿ ಬರೆದಿಟ್ಟುಕೊಳ್ಳಿ. 1956ರ ಗೋಷ್ಠಿಗಳು ಕೇಳಿ, ಚರ್ಚಿಸಿ, ಕಾರ್ಯಕ್ಕಿಳಿಯಿರಿ ಎಂದದ್ದು ಇದನ್ನೇ.