ಮಾತು ಕೇಳದ ಮಗುವೇ, ಮಾತು ಕೇಳಿಸದ ಮಗುವೇ? ಶಾಲಾ ಮಕ್ಕಳಿಗೆ ಶ್ರವಣ ಪರೀಕ್ಷೆ ಏಕೆ ಬೇಕು

‘ನಿಮ್ಮ ಮಗ ಕ್ಲಾಸಿನಲ್ಲಿ ಗಮನ ಕೊಡುವುದಿಲ್ಲ’, ‘ಒಂದೇ ಮಾತನ್ನು ಮೂರು ಸಲ ಹೇಳಬೇಕು’ ಎಂಬ ದೂರು ಶಾಲೆಯಿಂದ ಬಂದಾಗ ಹೆಚ್ಚಿನ ಪೋಷಕರಿಗೆ ಮೊದಲು ನೆನಪಾಗುವುದು ತುಂಟತನ, ಮೊಬೈಲ್ ಅಥವಾ ಟ್ಯೂಷನ್. ಕರ್ನಾಟಕದ ಹೊರಗಿರುವ ಮನೆಗಳಲ್ಲಿ ಇನ್ನೊಂದು ಕಾರಣವೂ ಸುಲಭವಾಗಿ ಸಿಗುತ್ತದೆ: ‘ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಅಥವಾ ತಮಿಳು, ಶಾಲೆಯಲ್ಲಿ ಇಂಗ್ಲಿಷ್. ಪಾಪ, ಮಗುವಿಗೆ ಗೊಂದಲ.’ ಇವುಗಳಲ್ಲಿ ಯಾವುದಾದರೂ ನಿಜವಿರಬಹುದು. ಆದರೆ ಹಾಗೆಂದು ತೀರ್ಮಾನಿಸುವ ಮೊದಲು ಮಗುವಿಗೆ ಸರಿಯಾಗಿ ಕೇಳಿಸುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಸ್ವಲ್ಪ ಕಡಿಮೆ ಕೇಳಿಸಿದರೂ ಓದಿಗೆ ತೊಂದರೆಯೇ?

ಹೌದು. ಶ್ರವಣ ದೋಷ ಎಂದರೆ ಪೂರ್ತಿ ಕಿವುಡುತನ ಎಂದೇ ಅರ್ಥವಲ್ಲ. ಶಬ್ದದ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, 20 ಡೆಸಿಬಲ್‌ಗಿಂತ ಕಡಿಮೆ ಶಬ್ದವೂ ಕೇಳಿಸಿದರೆ ಶ್ರವಣ ಸಾಮಾನ್ಯ. ಕನಿಷ್ಠ 20ರಿಂದ 35 ಡೆಸಿಬಲ್‌ನಷ್ಟು ಶಬ್ದವಿದ್ದರೆ ಮಾತ್ರ ಕೇಳಿಸುವುದನ್ನು ಸೌಮ್ಯ ದೋಷ ಎನ್ನುತ್ತಾರೆ.

ಒಂದು ಮೀಟರ್ ದೂರದಲ್ಲಿ ನಾವು ಆಡುವ ಮಾತು ಸುಮಾರು 60 ಡೆಸಿಬಲ್ ಇರುತ್ತದೆ. ಹಾಗಾಗಿ ಸೌಮ್ಯ ದೋಷವಿರುವ ಮಗು ಮನೆಯಲ್ಲಿ ಹೆಸರು ಕರೆದರೆ ತಿರುಗುತ್ತದೆ, ಹತ್ತಿರ ಕೂತರೆ ಮಾತಾಡುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ತರಗತಿಯಲ್ಲಿ ಪರಿಸ್ಥಿತಿ ಬೇರೆ. ಶಿಕ್ಷಕರು ದೂರದಲ್ಲಿರುತ್ತಾರೆ, ಬೋರ್ಡಿಗೆ ಮುಖ ಮಾಡಿ ಮಾತಾಡುತ್ತಾರೆ. ಫ್ಯಾನು, ರಸ್ತೆಯ ವಾಹನ, ಅಕ್ಕಪಕ್ಕದ ಮಕ್ಕಳ ಗಲಾಟೆ ಎಲ್ಲ ಸೇರಿ ಅವರ ಮಾತನ್ನು ಮುಚ್ಚಿಬಿಡುತ್ತವೆ. ಅ, ಆ, ಓ ಮುಂತಾದ ಸ್ವರಗಳು ಗಟ್ಟಿಯಾಗಿ ಕೇಳಿಸುತ್ತವೆ. ಸ, ಶ, ತ, ಕ, ಪ ಮುಂತಾದ ವ್ಯಂಜನಗಳು ಮೆಲ್ಲಗಿರುತ್ತವೆ. ಮಗುವಿಗೆ ಯಾರೋ ಮಾತಾಡುತ್ತಿರುವುದು ಗೊತ್ತಾಗುತ್ತದೆ, ಆದರೆ ಹೇಳಿದ್ದು ‘ಕಟ್ಟು’ ಎಂದೋ ‘ತಟ್ಟು’ ಎಂದೋ ತಿಳಿಯುವುದಿಲ್ಲ. ಇಂಗ್ಲಿಷಿನಲ್ಲಿ ‘ಕ್ಯಾಟ್’ ಮತ್ತು ‘ಕ್ಯಾಟ್ಸ್’ ಒಂದೇ ಆಗಿಬಿಡುತ್ತವೆ. ಡಿಕ್ಟೇಷನ್‌ನಲ್ಲಿ ತಪ್ಪು ಬರುವುದು ಇಲ್ಲಿಂದಲೇ.

ಹಲವು ಭಾಷೆಗಳಿಂದ ಮಗುವಿಗೆ ಗೊಂದಲವಾಗುತ್ತದೆಯೇ?

ಎರಡು ಮೂರು ಭಾಷೆ ಕೇಳುತ್ತಾ ಬೆಳೆಯುವುದರಿಂದ ಶ್ರವಣ ದೋಷ ಬರುವುದಿಲ್ಲ, ಮಾತಿನ ತೊಂದರೆಯೂ ಬರುವುದಿಲ್ಲ. ಆದರೆ ಇರುವ ದೋಷ ಹೊಸ ಭಾಷೆಯಲ್ಲಿ ಬೇಗ ಎದ್ದು ಕಾಣುತ್ತದೆ. ಚೆನ್ನಾಗಿ ಗೊತ್ತಿರುವ ಕನ್ನಡದಲ್ಲಿ ಅರ್ಧ ಪದ ಕೇಳಿಸಿದರೂ ಮಗು ಉಳಿದದ್ದನ್ನು ಊಹಿಸಿಕೊಳ್ಳುತ್ತದೆ. ಈಗಷ್ಟೇ ಕಲಿಯುತ್ತಿರುವ ಹಿಂದಿ, ತೆಲುಗು ಅಥವಾ ಇಂಗ್ಲಿಷಿನಲ್ಲಿ ಹಾಗೆ ಊಹಿಸಲು ಆಗುವುದಿಲ್ಲ. ‘ಮನೆಯಲ್ಲಿ ಚೆನ್ನಾಗಿದ್ದಾಳೆ, ಶಾಲೆಯಲ್ಲಿ ಮಾತ್ರ ಹಿಂದೆ’ ಎನ್ನುವುದು ಕಿವಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪರೀಕ್ಷೆ ಮಾಡಿಸದೆ ಮನೆಯಲ್ಲಿ ಕನ್ನಡ ಬಿಟ್ಟರೆ ಕಾರಣ ಹಾಗೇ ಉಳಿಯುತ್ತದೆ. ಅಜ್ಜಿ-ತಾತನ ಜೊತೆ ಆಡುವ ಮಾತೂ ಕಡಿಮೆಯಾಗುತ್ತದೆ.

ಶಾಲಾ ವಯಸ್ಸಿನಲ್ಲಿ ಸಾಮಾನ್ಯ ಕಾರಣಗಳು

- ಕಿವಿತಮಟೆಯ ಹಿಂದೆ ದ್ರವ ತುಂಬುವುದು: ಇದನ್ನು ‘ಗ್ಲೂ ಇಯರ್’ ಎನ್ನುತ್ತಾರೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಚಿಕ್ಕ ಮಕ್ಕಳಲ್ಲಿ ಗಿಡ್ಡವಾಗಿ, ಅಡ್ಡಲಾಗಿ ಇರುತ್ತದೆ. ನೆಗಡಿ, ಊದಿದ ಅಡಿನಾಯ್ಡ್ ಇದ್ದಾಗ ಅದು ಸರಿಯಾಗಿ ಕೆಲಸ ಮಾಡದೆ ಕಿವಿಯೊಳಗೆ ದ್ರವ ನಿಲ್ಲುತ್ತದೆ. ನೋವು ಇರಲೇಬೇಕೆಂದಿಲ್ಲ. ಒಂದು ವಾರ ಚೆನ್ನಾಗಿ ಕೇಳಿಸಿ ಇನ್ನೊಂದು ವಾರ ಕೇಳಿಸದೆ ಇರಬಹುದು. ‘ಬೇಕಾದಾಗ ಕೇಳುತ್ತದೆ’ ಎಂಬ ಆರೋಪ ಬರುವುದು ಇದರಿಂದಲೂ ಇರಬಹುದು.
- ಗಟ್ಟಿಯಾದ ಗುಗ್ಗೆ ಕಿವಿಯ ನಾಳವನ್ನು ಮುಚ್ಚುವುದು.
- ಕಿವಿ ಸೋರುವುದು: ಕಿವಿತಮಟೆಯಲ್ಲಿ ತೂತಾಗಿ ಪದೇ ಪದೇ ಕೀವು ಬರುವುದು.
- ಸೋಂಕುಗಳು: ಮಂಗನಬಾವು, ದಡಾರ, ಮೆನಿಂಜೈಟಿಸ್ ನಂತರ ಶ್ರವಣ ನರಕ್ಕೆ ಹಾನಿಯಾಗಬಹುದು. ಮಂಗನಬಾವಿನ ನಂತರ ಒಂದೇ ಕಿವಿ ಕೇಳಿಸದೆ ಹೋಗಿ, ಬಹಳ ಕಾಲ ಗೊತ್ತಾಗದೇ ಇರಬಹುದು.
- ವಂಶವಾಹಿ ಕಾರಣಗಳು: ಕುಟುಂಬದಲ್ಲಿ ಬಾಲ್ಯದಿಂದಲೇ ಶ್ರವಣ ದೋಷ ಇರುವವರಿದ್ದರೆ ಅಥವಾ ತಂದೆತಾಯಿಯದು ರಕ್ತಸಂಬಂಧದ ಮದುವೆಯಾಗಿದ್ದರೆ ವೈದ್ಯರಿಗೆ ತಿಳಿಸಿ.

ಮಕ್ಕಳ ಶ್ರವಣ ದೋಷಗಳಲ್ಲಿ ಸುಮಾರು ಶೇ 60ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಸಿಕೆ ಮತ್ತು ಕಿವಿ ಸೋಂಕಿಗೆ ಸಕಾಲದ ಚಿಕಿತ್ಸೆ ಇದಕ್ಕೆ ಮುಖ್ಯ.

‘ಹುಟ್ಟಿದಾಗ ಟೆಸ್ಟ್ ಪಾಸ್ ಆಗಿತ್ತಲ್ಲ?’

ನವಜಾತ ಶಿಶುವಿನ ಪರೀಕ್ಷೆ ಬಹಳ ಮುಖ್ಯ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ವೈದ್ಯರು ಪಾಲಿಸುವ ಕ್ರಮ. ಆದರೆ ಆ ಪರೀಕ್ಷೆ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ. ನಂತರ ಬರುವ ಸೋಂಕು, ದ್ರವ ಅಥವಾ ತಡವಾಗಿ ಕಾಣಿಸಿಕೊಳ್ಳುವ ದೋಷ ಅದರಲ್ಲಿ ಸಿಗುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 4, 5, 6, 8 ಮತ್ತು 10ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಲು ಸಲಹೆ ನೀಡುತ್ತದೆ. ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಅನುಮಾನ ಬಂದಾಗಲೆಲ್ಲ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು.

ಗಮನಿಸಬೇಕಾದ ಲಕ್ಷಣಗಳು

- ‘ಏನು?’ ‘ಹಾಂ?’ ಎಂದು ಪದೇ ಪದೇ ಕೇಳುವುದು
- ಟಿವಿ ಶಬ್ದ ಹೆಚ್ಚಿಸುವುದು ಅಥವಾ ಟಿವಿಗೆ ತೀರಾ ಹತ್ತಿರ ಕೂರುವುದು
- ಹಿಂದಿನಿಂದ ಕರೆದರೆ ತಿರುಗದಿರುವುದು, ಶಬ್ದ ಯಾವ ಕಡೆಯಿಂದ ಬಂತೆಂದು ಹುಡುಕಾಡುವುದು
- ಮಾತಾಡುವವರ ಬಾಯಿಯನ್ನೇ ನೋಡುವುದು
- ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು
- ಪದದ ಕೊನೆಯ ಅಕ್ಷರ ನುಂಗಿ ಮಾತಾಡುವುದು
- ಶಿಕ್ಷಕರು ಹೇಳಿದ್ದನ್ನು ಮಾಡುವ ಮೊದಲು ಪಕ್ಕದವರನ್ನು ನೋಡುವುದು
- ಶಾಲೆಯಿಂದ ಬಂದಾಗ ವಿಪರೀತ ಸುಸ್ತು, ಕಿರಿಕಿರಿ. ದಿನವಿಡೀ ಕಷ್ಟಪಟ್ಟು ಕೇಳುವುದರಿಂದ ಹೀಗಾಗುತ್ತದೆ

ಪರೀಕ್ಷೆ ಹೇಗೆ ಮಾಡುತ್ತಾರೆ?

ಯಾವ ಪರೀಕ್ಷೆಯಲ್ಲೂ ಸೂಜಿ ಇಲ್ಲ, ನೋವಿಲ್ಲ. ಮೊದಲು ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡುತ್ತಾರೆ. ಶಿಶುಗಳಿಗೆ ಒಎಇ ಮತ್ತು ಬೆರಾ ಪರೀಕ್ಷೆ ಇವೆ. ಮಗು ನಿದ್ದೆಯಲ್ಲಿದ್ದಾಗಲೂ ಮಾಡಬಹುದು. ಎರಡೂವರೆಯಿಂದ ಐದು ವರ್ಷದವರಿಗೆ ಆಟದ ಮೂಲಕ, ‘ಶಬ್ದ ಕೇಳಿಸಿದಾಗಲೆಲ್ಲ ಒಂದು ಮಣಿ ಹಾಕು’ ಎಂದು ಹೇಳಿ ಪರೀಕ್ಷಿಸುತ್ತಾರೆ. ಐದು ವರ್ಷ ಮೇಲ್ಪಟ್ಟವರು ಹೆಡ್‌ಫೋನ್ ಹಾಕಿಕೊಂಡು, ಶಬ್ದ ಕೇಳಿಸಿದಾಗ ಕೈ ಎತ್ತಬೇಕು. ಪ್ರತಿ ಕಿವಿಯನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಇದರ ಫಲಿತಾಂಶದ ನಕ್ಷೆಯೇ ಆಡಿಯೋಗ್ರಾಮ್. ಕಿವಿತಮಟೆಯ ಹಿಂದೆ ದ್ರವವಿದೆಯೇ ಎಂದು ತಿಳಿಯಲು ಟಿಂಪನೋಮೆಟ್ರಿ ಮಾಡುತ್ತಾರೆ.

ಬರೀ ಶಬ್ದ ಕೇಳಿಸುವ ಪರೀಕ್ಷೆಗೆ ಭಾಷೆ ಅಡ್ಡಿಯಾಗದು. ಆದರೆ ಪದಗಳನ್ನು ಹೇಳಿಸುವ ಪರೀಕ್ಷೆಯೂ ಇದ್ದರೆ, ಮಗುವಿಗೆ ಯಾವ ಭಾಷೆ ಚೆನ್ನಾಗಿ ಬರುತ್ತದೆ ಎಂದು ಆಡಿಯಾಲಜಿಸ್ಟ್‌ಗೆ ಮೊದಲೇ ತಿಳಿಸಿ. ಗೊತ್ತಿಲ್ಲದ ಪದ ಹೇಳಲಾಗದಿದ್ದರೆ ಅದನ್ನು ಶ್ರವಣ ದೋಷ ಎಂದು ಲೆಕ್ಕ ಹಾಕಬಾರದು.

ಎಲ್ಲಿ ಮಾಡಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಅದರ ತಂಡಗಳು ಅಂಗನವಾಡಿಗಳಿಗೂ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೂ ಬರುತ್ತವೆ. ನಿಮ್ಮ ಮಗು ಖಾಸಗಿ ಶಾಲೆಯಲ್ಲಿದ್ದರೆ ಈ ಭೇಟಿಯನ್ನು ನಂಬಿ ಕೂರಬೇಡಿ. ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಇಎನ್‌ಟಿ ವಿಭಾಗಕ್ಕೆ ನೀವೇ ಕರೆದೊಯ್ಯಿರಿ. ಮುಂಬೈಯ ಬಾಂದ್ರಾದಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. ಸಿಕಂದರಾಬಾದ್‌ನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ರಜೆಯಲ್ಲಿ ಊರಿಗೆ ಹೋದಾಗ ಕನ್ನಡದಲ್ಲೇ ಪರೀಕ್ಷೆ ಅಥವಾ ಮಾತಿನ ತರಬೇತಿ ಬೇಕೆನಿಸಿದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ದೋಷ ಕಂಡುಬಂದರೆ ಮುಂದೇನು?

ಗುಗ್ಗೆಯಿದ್ದರೆ ವೈದ್ಯರು ತೆಗೆಯುತ್ತಾರೆ. ಗ್ಲೂ ಇಯರ್ ಹೆಚ್ಚಿನ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಕಡಿಮೆಯಾಗುತ್ತದೆ, ಆದ್ದರಿಂದ ಕಾದು ನೋಡಿ ಮತ್ತೆ ಪರೀಕ್ಷಿಸುತ್ತಾರೆ. ದ್ರವ ಉಳಿದು ಕೇಳಿಸುವುದು ಕಡಿಮೆಯಾಗಿದ್ದರೆ ಗ್ರಾಮೆಟ್ ಎಂಬ ಪುಟ್ಟ ನಳಿಕೆ ಇಡುವ ಶಸ್ತ್ರಚಿಕಿತ್ಸೆ ಸೂಚಿಸಬಹುದು. ನರದ ದೋಷವಿದ್ದರೆ ಶ್ರವಣ ಸಾಧನ, ತೀವ್ರವಾಗಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಜೊತೆಗೆ ಮಾತಿನ ತರಬೇತಿ ಬೇಕಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಗೆ ಎರಡೂ ಕಿವಿಗಳಲ್ಲಿ ಕನಿಷ್ಠ 60 ಡೆಸಿಬಲ್ ದೋಷ ಇರಬೇಕು. ಅಷ್ಟಿಲ್ಲದ ಮಗುವಿಗೂ ತರಗತಿಯಲ್ಲಿ ಸಹಾಯ ಬೇಕು. ಆಡಿಯೋಗ್ರಾಮ್ ಪ್ರತಿ ಕೊಟ್ಟು ಶಿಕ್ಷಕರನ್ನು ಹೀಗೆ ಕೇಳಿಕೊಳ್ಳಿ:

- ಮುಂದಿನ ಸಾಲಿನಲ್ಲಿ, ಚೆನ್ನಾಗಿ ಕೇಳಿಸುವ ಕಿವಿ ಶಿಕ್ಷಕರ ಕಡೆ ಬರುವಂತೆ ಕೂರಿಸಲಿ. ಕಿಟಕಿ ಮತ್ತು ಫ್ಯಾನಿನಿಂದ ದೂರವಿರಲಿ
- ಮಗುವಿನ ಕಡೆ ಮುಖ ಮಾಡಿ ಹೇಳಲಿ
- ಹೋಂವರ್ಕ್, ಪರೀಕ್ಷೆಯ ಸೂಚನೆಗಳನ್ನು ಬೋರ್ಡಿನಲ್ಲಿ ಬರೆಯಲಿ
- ‘ಅರ್ಥವಾಯಿತೇ?’ ಎನ್ನುವ ಬದಲು, ‘ಏನು ಮಾಡಬೇಕು ಹೇಳು’ ಎಂದು ಕೇಳಲಿ

ಇವನ್ನು ಮಾಡಬೇಡಿ

ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಹಾಕಬೇಡಿ. ಬಡ್ಸ್, ಹೇರ್‌ಪಿನ್ ಹಾಕಿ ಗುಗ್ಗೆ ತೆಗೆಯಬೇಡಿ. ಅದು ಇನ್ನೂ ಒಳಗೆ ಹೋಗುತ್ತದೆ. ಹಿಂದೆ ಬರೆದುಕೊಟ್ಟ ಡ್ರಾಪ್ಸ್ ಅನ್ನು ವೈದ್ಯರನ್ನು ಕೇಳದೆ ಮತ್ತೆ ಹಾಕಬೇಡಿ.

ತಕ್ಷಣ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು: ಇದ್ದಕ್ಕಿದ್ದಂತೆ ಕೇಳಿಸದಿರುವುದು, ತಲೆಗೆ ಪೆಟ್ಟು ಬಿದ್ದ ನಂತರ ಕೇಳಿಸದಿರುವುದು ಅಥವಾ ಕಿವಿಯಿಂದ ರಕ್ತ ಇಲ್ಲವೇ ನೀರು ಬರುವುದು, ಕಿವಿಯ ಹಿಂದೆ ಊತದ ಜೊತೆ ಜ್ವರ, ಮುಖ ಒಂದು ಕಡೆ ಸೊಟ್ಟಗಾಗುವುದು.

ಮುಂದಿನ ಸಲ ‘ಮಗು ಮಾತು ಕೇಳುವುದಿಲ್ಲ’ ಎಂಬ ದೂರು ಬಂದರೆ, ಬೈಯುವ ಮೊದಲು, ಟ್ಯೂಷನ್ ಹುಡುಕುವ ಮೊದಲು ಆಡಿಯಾಲಜಿಸ್ಟ್ ಬಳಿ ಹೆಸರು ಬರೆಸಿ. ಫಲಿತಾಂಶ ಸರಿಯಾಗಿ ಬಂದರೆ ಬೇರೆ ಕಾರಣ ಹುಡುಕಬಹುದು. ದೋಷ ಕಂಡರೆ, ಮಗು ಇಷ್ಟು ದಿನ ತನ್ನದಲ್ಲದ ತಪ್ಪಿಗೆ ಕೇಳುತ್ತಿದ್ದ ಬೈಗುಳವಾದರೂ ಅಂದಿಗೆ ನಿಲ್ಲುತ್ತದೆ.