ಒಡ್ಡು ಕಟ್ಟಿದವರು, ಹಕ್ಕಿ ಕಂಡವರು

ಏಳನೇ ತರಗತಿಗೆ ಆಫ್ರಿಕಾ ಖಂಡದ ಪಾಠ ಮಾಡುತ್ತಿದ್ದೆ. ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ 14,000 ಚದರ ಕಿಲೋಮೀಟರಿಗೂ ದೊಡ್ಡದು ಎಂದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನಾವು ಹೋಗಿ ನೋಡಿ ಬರೋ ಅಂಥ ಚಿಕ್ಕದು ಯಾವುದೂ ಇಲ್ವಾ?" ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ಆ ವರ್ಷದ ಶಾಲಾ ಪ್ರವಾಸಕ್ಕೆ ರಂಗನತಿಟ್ಟನ್ನು ಸೇರಿಸಿದೆವು.

ನಮ್ಮವರು ತೀರಿಕೊಂಡ ಮೇಲೆ ಎರಡು ವರ್ಷ ನಾನು ಮನೆ, ಶಾಲೆ ಬಿಟ್ಟು ಎಲ್ಲಿಗೂ ಹೊರಟವಳಲ್ಲ. "ಹೆಣ್ಣುಮಕ್ಕಳು ಬರ್ತಾರೆ, ನೀವಿಲ್ಲದಿದ್ದರೆ ಆಗಲ್ಲ" ಎಂದು ಮುಖ್ಯೋಪಾಧ್ಯಾಯಿನಿಯವರು ಬಲವಂತ ಮಾಡಿದರು. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಬೆಳಗಿನ ಜಾವ ನಾಲ್ಕಕ್ಕೆ ಸೂಲಿಬೆಲೆಯಲ್ಲಿ ಬಸ್ಸು ಹತ್ತಿದೆ.

ಶ್ರೀರಂಗಪಟ್ಟಣದಿಂದ ಮೂರು ಕಿಲೋಮೀಟರು ದೂರದಲ್ಲಿ, ಕಾವೇರಿಯ ನಡುವೆ ಇರುವ ಪುಟ್ಟ ನಡುಗಡ್ಡೆಗಳೇ ರಂಗನತಿಟ್ಟು. ಇಡೀ ಪಕ್ಷಿಧಾಮ ಸೇರಿದರೂ ಒಂದು ಚದರ ಕಿಲೋಮೀಟರಿಲ್ಲ. ದೋಣಿ ಹೊರಟಿತು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಮರದ ತುಂಬ ಬಾವಲಿಗಳು ಜೋತುಬಿದ್ದಿದ್ದವು. ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿ ತಂದು ಗೂಡು ಹೆಣೆಯುತ್ತಿದ್ದವು. ಚೊಚ್ಚಲು ಬಾಣಂತನಕ್ಕೆ ತವರಿನಲ್ಲಿ ಕೋಣೆ ಅಣಿಮಾಡುವ ಸಡಗರವೇ ಅದು! "ಸದ್ದು ಮಾಡಬೇಡ್ರಮ್ಮಾ" ಎಂದು ದೋಣಿಯವರು ಹೇಳುವ ಮೊದಲೇ ಹುಡುಗಿಯರು ತಾವಾಗಿ ಸುಮ್ಮನಾಗಿದ್ದರು.

ಈ ತಿಟ್ಟುಗಳ ಹುಟ್ಟಿನಲ್ಲಿ ಮನುಷ್ಯನ ಕೈಯೂ ಇದೆ. 1645ರಿಂದ 1648ರ ನಡುವೆ ಕಂಠೀರವ ನರಸರಾಜ ಒಡೆಯರು ಇಲ್ಲಿ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ರಾಜಕುಮಾರ್ ಅವರ 1960ರ ಸಿನಿಮಾದಿಂದ ನಾವೆಲ್ಲ ಬಲ್ಲ ರಣಧೀರ ಕಂಠೀರವ ಇವರೇ. ಒಡ್ಡಿನ ಹಿಂದೆ ನೀರು ನಿಂತಿತು, ನೀರಿನ ನಡುವೆ ನೆಲ ಉಳಿಯಿತು, ನೆಲದ ಮೇಲೆ ಮರ ಬೆಳೆಯಿತು. ಸುತ್ತಲೂ ನೀರಿದ್ದ ಆ ಮರಗಳು ಹಕ್ಕಿಗಳಿಗೆ ಒಪ್ಪಿಗೆಯಾದವು. ಕಲ್ಲು ಹೊತ್ತ ಕೂಲಿಯವರಾಗಲಿ, ಕಟ್ಟಿಸಿದ ಅರಸರಾಗಲಿ ಹಕ್ಕಿಗಳನ್ನು ನೆನೆದು ಆ ಕೆಲಸ ಮಾಡಿದವರಲ್ಲ.

ಸುಮಾರು ಮುನ್ನೂರು ವರ್ಷ ಹಕ್ಕಿಗಳು ಹೇಗಿದ್ದವೋ ಹಾಗೆಯೇ ಇದ್ದವು. ಅವುಗಳಿಗೆ ರಕ್ಷಣೆ ಬೇಕೆಂದು ಹೇಳಲು ಸಾಲಿಂ ಅಲಿಯವರು ಬರಬೇಕಾಯಿತು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡಿದರು. ಈ ತಿಟ್ಟುಗಳನ್ನು ಕಂಡು ಅರಮನೆಗೆ ತಿಳಿಹೇಳಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ, ಸೇರಿದ ಕರ್ನಾಟಕದ ಮೊದಲ ಜಾಗವೂ ಇದೇ.

ಚರಿತ್ರೆಯ ಪುಸ್ತಕಗಳು ಇಷ್ಟಕ್ಕೇ ನಿಲ್ಲುತ್ತವೆ. ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. ಸಾಲಿಂ ಅಲಿಯವರ ಜೊತೆ ಕಾಡುಮೇಡು ಅಲೆದು, ಡೇರೆಯಲ್ಲೇ ಸಂಸಾರ ನಡೆಸಿದ ಪತ್ನಿ ತೆಹಮಿನಾ 1939ರ ಜುಲೈನಲ್ಲಿ ತೀರಿಕೊಂಡರು. ರಂಗನತಿಟ್ಟಿನ ಹಕ್ಕಿಗಳನ್ನು ಜಗತ್ತಿಗೆ ತೋರಿಸಿಕೊಟ್ಟದ್ದು, ಜೊತೆಗಾತಿಯನ್ನು ಹೊಸದಾಗಿ ಕಳೆದುಕೊಂಡ ಕಣ್ಣು. ದೋಣಿಯಲ್ಲಿ ಕುಳಿತು ನಾನು ಇದನ್ನೇ ಯೋಚಿಸುತ್ತಿದ್ದೆ. ಎರಡು ವರ್ಷದಿಂದ ನಾನು ದಿನವೂ ನಮ್ಮೂರ ಕೆರೆಯ ಪಕ್ಕದಲ್ಲೇ ಶಾಲೆಗೆ ನಡೆದವಳು. ಅಲ್ಲಿ ಏನಿದೆ ಎಂದು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.

ರಂಗನತಿಟ್ಟಿಗೂ ಕಷ್ಟ ತಪ್ಪಿದ್ದಲ್ಲ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ಮೊಟ್ಟೆ ಮರಿಗಳು ಕೊಚ್ಚಿಹೋಗುತ್ತವೆ. ಮಣ್ಣು ಸವೆಯದಂತೆ ಅರಣ್ಯ ಇಲಾಖೆಯವರು ಮರಳು ಮೂಟೆ ಜೋಡಿಸಿ ದಂಡೆ ಗಟ್ಟಿಮಾಡಿದ್ದಾರೆ. ಹಕ್ಕಿಗಳು ಮತ್ತೆ ಬಂದು ಕಡ್ಡಿ ಜೋಡಿಸುತ್ತವೆ.

ಊರಿಗೆ ಬಂದ ಮೊದಲ ಭಾನುವಾರ ಆ ಹಿಂದಿನ ಬೆಂಚಿನ ಹುಡುಗಿ ಮನೆ ಬಾಗಿಲಿಗೆ ಬಂದಳು. "ಮಿಸ್, ನಮ್ಮ ಕೆರೇನೂ ಯಾರೋ ಕಟ್ಟಿಸಿದ್ದೇ ಅಲ್ವಾ? ಅಲ್ಲೂ ಹಕ್ಕಿ ಇರ್ತಾವಾ?"

ಇಬ್ಬರೂ ಏರಿಯ ಮೇಲೆ ಹೋಗಿ ಕುಳಿತೆವು. ನಮ್ಮ ಬಯಲುಸೀಮೆಯ ಕೆರೆಗಳೂ ಹಿರಿಯರು ರಾಗಿ ಭತ್ತಕ್ಕೆಂದು ಕಟ್ಟಿದ ಒಡ್ಡುಗಳೇ ತಾನೆ? ನೀರು ಅಷ್ಟಿರಲಿಲ್ಲ. ಆದರೂ ಒಂದು ಗಂಟೆಯಲ್ಲಿ ಹನ್ನೊಂದು ಬೆಳ್ಳಕ್ಕಿ, ನಾಲ್ಕು ನೀರುಕಾಗೆ, ಒಂದು ಮಿಂಚುಳ್ಳಿ ಕಂಡವು. ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದುಕೊಂಡಳು. ಮುಂದಿನ ಭಾನುವಾರದ ಪುಟಕ್ಕೂ ಆಗಲೇ ಗೆರೆ ಎಳೆದಿಟ್ಟಳು.