ಅರ್ಥದ ಅರಸಾಟ: ಅಂಕೋಲೆಯಿಂದ ಒಂದು ಪಾಠ

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಯಿತು. ಮುಂದೆ 1932ರ ಕರನಿರಾಕರಣೆಯಲ್ಲಿ ಈ ತಾಲ್ಲೂಕಿನ ರೈತರು ಜಮೀನನ್ನೇ ಕಳೆದುಕೊಂಡರೂ ಎದೆಗುಂದಲಿಲ್ಲ. ತಮ್ಮ ಕಷ್ಟ ಯಾತಕ್ಕಾಗಿ ಎಂಬುದನ್ನು ಅವರು ಬಲ್ಲವರಾಗಿದ್ದರು.

1942ರಲ್ಲಿ ನಾಜಿಗಳ ಸೆರೆಗೆ ಬಿದ್ದ ವಿಯೆನ್ನಾದ ಯೆಹೂದಿ ವೈದ್ಯ ವಿಕ್ಟರ್ ಫ್ರಾಂಕ್ಲ್ ಯಾತನಾಶಿಬಿರಗಳಲ್ಲಿ ಕಂಡುಕೊಂಡದ್ದೂ ಇದೇ ಸತ್ಯವನ್ನು. ತಂದೆ, ತಾಯಿ, ಪತ್ನಿಯರನ್ನು ಕಳೆದುಕೊಂಡ ಅವರು 1945ರಲ್ಲಿ ಬಿಡುಗಡೆ ಹೊಂದಿದರು. ದುಡಿಮೆ, ಪ್ರೀತಿ, ಅನಿವಾರ್ಯ ನೋವನ್ನು ಎದುರಿಸುವ ಮನೋಭಾವ, ಈ ಮೂರರಿಂದ ಬಾಳಿಗೆ ಅರ್ಥ ದೊರೆಯುತ್ತದೆಂಬುದೇ ಅವರ ‘ಲೋಗೋಥೆರಪಿ’ಯ ತಿರುಳು.

ಆದರೆ ಎಲ್ಲ ನಷ್ಟವೂ ನಾವೇ ಆರಿಸಿಕೊಂಡದ್ದಲ್ಲ. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ಮನೆಮಾರು ತೊರೆದವು. ಅಂಥವರಿಗೆ “ನಿಮ್ಮ ನೋವಿಗೂ ಅರ್ಥವಿದೆ” ಎಂದು ಉಪದೇಶಿಸುವುದು ಫ್ರಾಂಕ್ಲ್‌ರ ಮಾರ್ಗವಲ್ಲ. ನಿವಾರಿಸಬಹುದಾದ ನೋವನ್ನು ಮೊದಲು ನಿವಾರಿಸಬೇಕೆಂದೇ ಅವರು ಬೋಧಿಸಿದರು.

ಆದ್ದರಿಂದ ನೊಂದವರ ಮನೆಗೆ ಹೋದಾಗ ಮೊದಲು ಪರಿಹಾರದ ಅರ್ಜಿ ಬರೆದುಕೊಡೋಣ. ಬಳಿಕ ಪಕ್ಕದಲ್ಲಿ ಕುಳಿತು ಕೇಳೋಣ: “ನಿಮ್ಮಿಂದಲೇ ಆಗಬೇಕಾದ ಕೆಲಸ ಯಾವುದು? ನಿಮ್ಮನ್ನು ನೆಚ್ಚಿಕೊಂಡವರು ಯಾರು?” ಉತ್ತರ ಅವರದೇ ಆಗಿರಲಿ. ಯೋಬನ ಗೆಳೆಯರು ಏಳು ದಿನ ಅವನೊಡನೆ ಮೌನವಾಗಿ ಕುಳಿತರು. ಎಡವಿದ್ದು ಅವನ ನೋವಿಗೆ ತಾವೇ ಅರ್ಥ ಹೇಳಹೊರಟಾಗ.